ಹಳೇ ಕಾರಿಗೆ ಎಂಜಿನ್ ಫ್ಲಶ್: ಬಾಟಲಿ ತೆರೆಯುವ ಮುಂಚೆ ಟ್ಯಾಪೆಟ್ ಕವರ್ ತೆರೆಯಿರಿ

ಪ್ರಶ್ನೆ: ಸರ್, ನಾನು ಮಂಡ್ಯದಲ್ಲಿ ಹೈಸ್ಕೂಲ್ ಟೀಚರ್. ಹೋದ ದೀಪಾವಳಿ ಹೊತ್ತಿಗೆ 2012ರ ಪೆಟ್ರೋಲ್ ಸ್ವಿಫ್ಟ್ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆವು. ಮೀಟರ್‌ನಲ್ಲಿ 88,000 ಕಿ.ಮೀ. ಇದೆ, ಸರ್ವಿಸ್ ಪುಸ್ತಕ ಸಿಗಲಿಲ್ಲ. ಮನೆ ಅಶೋಕನಗರದಲ್ಲಿ, ಶಾಲೆ ಮೂರು ಕಿ.ಮೀ. ದೂರ. ದಿನಾ ಅಷ್ಟೇ ಓಡಾಟ. ಎಂದಾದರೊಂದು ಭಾನುವಾರ ಪಾಂಡವಪುರದ ತವರುಮನೆಗೆ ಹೋಗುತ್ತೇವೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ಟರ್ ಅಂತ ಶಬ್ದ ಬಂದು ನಿಲ್ಲುತ್ತದೆ. ಆಯಿಲ್ ಕಪ್ಪಗಿದೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಕಂದು ಜಿಡ್ಡು ಇದೆ, ಡಿಸೆಂಬರ್‌ನಲ್ಲಿ ಮಜ್ಜಿಗೆಯಂಥ ಬಿಳಿ ನೊರೆಯೂ ಕಾಣಿಸಿತ್ತು. ಸರ್ವಿಸ್‌ನವರು ‘ಎಂಜಿನ್ ಫ್ಲಶ್ ಹಾಕಿಸಿ, ಒಳಗೆಲ್ಲ ಹೊಸದರ ಹಾಗೆ ಆಗುತ್ತೆ, ಮೈಲೇಜೂ ಬರುತ್ತೆ’ ಅಂದರು. ನಮ್ಮ ಭಾವ ‘ಹಳೇ ಎಂಜಿನ್‌ಗೆ ಅದನ್ನ ಹಾಕಿದರೆ ಕೊಳೆ ಜೊತೆ ಎಂಜಿನ್ನೂ ಹೋಗುತ್ತೆ, ಕೊಳೆಯೇ ಅದನ್ನ ಹಿಡಿದಿಟ್ಟಿರೋದು’ ಅನ್ನುತ್ತಾರೆ. ನಾನು 300 ಎಂ.ಎಲ್. ಬಾಟಲಿ ಒಂದನ್ನು ಆಗಲೇ ತಂದಿಟ್ಟಿದ್ದೇನೆ. ಹಾಕಿಸಲೇ, ಬೇಡವೇ?

ಉತ್ತರ: ಮೇಡಂ, ನಿಮಗೆ ಎರಡು ಭಯ. ಹಾಕಿಸದಿದ್ದರೆ ಒಳಗಿನ ಕೊಳೆ ಎಂಜಿನ್ನನ್ನು ತಿಂದುಬಿಡುತ್ತದಾ? ಹಾಕಿಸಿದರೆ ಚೆನ್ನಾಗಿರುವುದೂ ಕೆಡುತ್ತದಾ? ಎರಡೂ ನ್ಯಾಯವಾದ ಭಯವೇ. ಸರ್ವಿಸ್‌ನವರ ಮಾತಿನಲ್ಲಿ ಸ್ವಲ್ಪ ನಿಜ ಇದೆ, ನಿಮ್ಮ ಭಾವನವರ ಮಾತಿನಲ್ಲೂ ಇದೆ. ಆದರೆ ಇಬ್ಬರೂ ನಿಮ್ಮ ಎಂಜಿನ್ ಒಳಗೆ ಇಣುಕಿ ನೋಡಿಲ್ಲ. ನನಗೆ ಇದರಲ್ಲಿ ಬೇಸರದ ಸಂಗತಿ ಅದೇ. ಹಾಗಾಗಿ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಬಾಟಲಿ ಸದ್ಯಕ್ಕೆ ಮುಚ್ಚಿಯೇ ಇರಲಿ. ಮೊದಲು ಟ್ಯಾಪೆಟ್ ಕವರ್, ಅಂದರೆ ಎಂಜಿನ್ ತಲೆಯ ಮೇಲಿನ ಮುಚ್ಚಳ, ಬಿಚ್ಚಿಸಿ ನೋಡಿ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ಬಹುಶಃ ಫ್ಲಶ್ ಬೇಕಾಗುವುದೇ ಇಲ್ಲ.

ಆಯಿಲ್ ಕಪ್ಪಗಿದೆ ಅಂತ ಬರೆದಿದ್ದೀರಿ. ನನ್ನ ಗ್ಯಾರೇಜಿಗೆ ಬರುವವರಲ್ಲಿ ಅರ್ಧ ಜನ ಇದನ್ನೇ ತೋರಿಸಿ ಗಾಬರಿಪಡುತ್ತಾರೆ. ಬಟ್ಟೆ ಒಗೆದ ನೀರು ಕೊಳೆಯಾದರೆ ಸೋಪು ಕೆಲಸ ಮಾಡಿದೆ ಅಂತ ಅರ್ಥ ಅಲ್ವಾ? ಆಯಿಲ್ ಕೂಡ ಹಾಗೆಯೇ. ಒಳ್ಳೆಯ ಎಂಜಿನ್ ಆಯಿಲ್‌ನಲ್ಲಿ ಕೊಳೆ ಬಿಡಿಸುವ ಡಿಟರ್ಜೆಂಟ್ ಇರುತ್ತದೆ. ಬಿಡಿಸಿದ ಕೊಳೆ ಮತ್ತೆ ಒಂದು ಕಡೆ ಕೂಡಿಕೊಳ್ಳದ ಹಾಗೆ ತೇಲಿಸಿಟ್ಟುಕೊಳ್ಳುವ ಇನ್ನೊಂದು ರಾಸಾಯನಿಕವೂ ಇರುತ್ತದೆ. ಮಸಿಯನ್ನು ತನ್ನೊಳಗೆ ತೇಲಿಸಿಕೊಂಡೇ ಆಯಿಲ್ ಕಪ್ಪಾಗುತ್ತದೆ. ಡೀಸೆಲ್ ಕಾರುಗಳಲ್ಲಂತೂ ಹೊಸ ಆಯಿಲ್ ಹಾಕಿ ಕೆಲವು ನೂರು ಕಿ.ಮೀ. ಓಡಿಸುವಷ್ಟರಲ್ಲಿ ಕಪ್ಪಾಗಿರುತ್ತದೆ. ಬಣ್ಣ ನೋಡಿ ಎಂಜಿನ್ ಗಲೀಜಾಗಿದೆ ಅಂತ ಹೇಳಲು ಆಗುವುದಿಲ್ಲ.

ಮುಚ್ಚಳದ ಕೆಳಗಿನ ಜಿಡ್ಡು ಮಾತ್ರ ಬೇರೆ ವಿಷಯ. ಅದನ್ನು ಗಮನಿಸಿದ್ದು ಒಳ್ಳೆಯದಾಯಿತು. ಅದಕ್ಕೆ ಕಾರಣ ನಿಮ್ಮ ಪತ್ರದಲ್ಲೇ ಇದೆ: ಮೂರು ಕಿ.ಮೀ. ಓಡಾಟ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಆವಿಯಾಗಿ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಆದರೆ ಸ್ವಲ್ಪ ಗ್ಯಾಸ್ ಪಿಸ್ಟನ್ ರಿಂಗ್ ಪಕ್ಕದಿಂದ ನುಸುಳಿ ಕೆಳಗಿನ ಆಯಿಲ್ ಚೇಂಬರ್‌ಗೆ ಇಳಿಯುತ್ತದೆ. ಅದರಲ್ಲಿ ನೀರಿನ ಆವಿ, ಉರಿಯದೆ ಉಳಿದ ಪೆಟ್ರೋಲ್, ಆಮ್ಲ, ಮಸಿ ಎಲ್ಲ ಇರುತ್ತವೆ. ಎಂಜಿನ್ ಚೆನ್ನಾಗಿ ಕಾದರೆ ನೀರು, ಪೆಟ್ರೋಲ್ ಎರಡೂ ಆವಿಯಾಗಿ, ಪಿಸಿವಿ ವಾಲ್ವ್ ಎಂಬ ಸಣ್ಣ ವಾಲ್ವ್ ಮೂಲಕ ಮತ್ತೆ ಉರಿಯಲು ಹೋಗುತ್ತವೆ. ಕಾಯದಿದ್ದರೆ ಅಲ್ಲೇ ಹನಿಗಟ್ಟುತ್ತವೆ. ಮೂರು ಕಿ.ಮೀ.ನಲ್ಲಿ ಎಂಜಿನ್ ಕಾಯುವುದಿಲ್ಲ ಮೇಡಂ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದರೂ ಅದು ತೋರಿಸುವುದು ಕೂಲಂಟ್‌ನ, ಅಂದರೆ ಎಂಜಿನ್ನನ್ನು ತಣ್ಣಗಿಡುವ ದ್ರವದ, ಬಿಸಿಯನ್ನು. ಆಯಿಲ್ ಅದಕ್ಕಿಂತ ನಿಧಾನವಾಗಿ ಕಾಯುತ್ತದೆ. ಹೀಗೆ ದಿನಾ ಉಳಿದ ನೀರು, ಮಸಿ, ಹಳೇ ಆಯಿಲ್ ಮೂರೂ ಸೇರಿ ಮೊದಲು ನೊರೆಯಾಗುತ್ತದೆ, ಆಮೇಲೆ ಜಿಡ್ಡಾಗುತ್ತದೆ, ಹಾಗೇ ಬಿಟ್ಟರೆ ಗಟ್ಟಿ ಕಿಟ್ಟವಾಗುತ್ತದೆ.

ಇದಕ್ಕೆ ಉಲ್ಟಾ ದಾರಿಯೂ ಇದೆ. ಆಯಿಲ್ ಬದಲಿಸದೆ ಇಪ್ಪತ್ತು ಸಾವಿರ ಕಿ.ಮೀ. ಓಡಿಸಿದರೆ, ಬಿಸಿಗೆ ಬೆಂದೂ ಬೆಂದೂ ಆಯಿಲ್ ದಪ್ಪವಾಗಿ ಕಂದು ವಾರ್ನಿಶ್ ಥರ ಅಂಟಿಕೊಳ್ಳುತ್ತದೆ. ಬೋಂಡ ಕರಿದೂ ಕರಿದೂ ಬಾಣಲೆ ಅಂಚಿಗೆ ಹಿಡಿಯುತ್ತಲ್ಲ, ಅದೇ. ನಿಮ್ಮ ಕಾರಿನ ಹಿಂದಿನ ಮಾಲೀಕರು ಹೇಗೆ ಓಡಿಸಿದ್ದರೋ ಗೊತ್ತಿಲ್ಲ, ಎರಡೂ ಸೇರಿರಬಹುದು.

ಡಿಸೆಂಬರ್‌ನ ಬಿಳಿ ನೊರೆ ಬಗ್ಗೆ ಒಂದು ಎಚ್ಚರ. ಚಳಿಯಲ್ಲಿ, ಸಣ್ಣ ಓಡಾಟದಲ್ಲಿ, ಮುಚ್ಚಳದಲ್ಲಿ ಮಾತ್ರ ಕಂಡರೆ ಅದು ಬರೀ ಆವಿಯ ನೀರು. ಆದರೆ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಕಡ್ಡಿಯ ಮೇಲಿನ ಆಯಿಲ್ಲೇ ಹಾಲು ಬೆರೆಸಿದ ಹಾಗೆ ಕಂಡರೆ, ಜೊತೆಗೆ ಕೂಲಂಟ್ ಕಡಿಮೆಯಾಗುತ್ತಿದ್ದರೆ, ಅದು ಹೆಡ್ ಗ್ಯಾಸ್ಕೆಟ್ ಸಮಸ್ಯೆ ಇರಬಹುದು, ಅಂದರೆ ಕೂಲಂಟ್ ಆಯಿಲ್‌ಗೆ ಸೇರದಂತೆ ತಡೆಯುವ ಪದರ ಕೆಟ್ಟಿರಬಹುದು. ನಾಳೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲಂಟ್ ಡಬ್ಬಿಯ ಮಟ್ಟಕ್ಕೆ ಒಂದು ಗುರುತು ಹಾಕಿ, ಎರಡು ವಾರ ನೋಡಿ. ಇಳಿದರೆ ಫ್ಲಶ್ ವಿಚಾರವನ್ನೇ ಬಿಟ್ಟು ಮೊದಲು ಅದನ್ನು ತೋರಿಸಿ.

ಈಗ ಬಾಟಲಿಯೊಳಗೆ ಏನಿದೆ ಅನ್ನುವುದು. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಫ್ಲಶ್‌ಗಳು ಸೀಮೆಎಣ್ಣೆ ಜಾತಿಯ ತೆಳು ದ್ರಾವಕ, ಅದಕ್ಕೆ ಒಂದಷ್ಟು ಡಿಟರ್ಜೆಂಟ್. ಹಳೇ ಆಯಿಲ್‌ಗೆ ಸುರಿದು, ಕಾರು ನಿಂತಲ್ಲೇ ಹತ್ತು ಹದಿನೈದು ನಿಮಿಷ ಎಂಜಿನ್ ಓಡಿಸಿ, ಎಲ್ಲವನ್ನೂ ಇಳಿಸಿ, ಹೊಸ ಫಿಲ್ಟರ್, ಹೊಸ ಆಯಿಲ್ ಹಾಕುವುದು ಪದ್ಧತಿ. ಇದು ನೀರೆರೆದು ಮಾಡುವ ಮೋಸ ಅಲ್ಲ. ತೆಳ್ಳಗಿನ ಜಿಡ್ಡನ್ನು ನಿಜವಾಗಿಯೂ ಕರಗಿಸುತ್ತದೆ. ನಿಮ್ಮ ಸರ್ವಿಸ್‌ನವರ ಮಾತಿನಲ್ಲಿ ನಿಜ ಇರುವುದು ಇಷ್ಟು.

ತೊಂದರೆ ಇರುವುದು ದಪ್ಪ ಕಿಟ್ಟದಲ್ಲಿ. ಹದಿನೈದು ನಿಮಿಷದಲ್ಲಿ ಅದು ಕರಗುವುದಿಲ್ಲ, ಚಕ್ಕೆ ಚಕ್ಕೆಯಾಗಿ ಕಿತ್ತು ಬರುತ್ತದೆ. ಕಿತ್ತದ್ದು ಎಲ್ಲಿಗೆ ಹೋಗುತ್ತದೆ? ನಿಮ್ಮ ಕಡೆಯ ವಿಶ್ವೇಶ್ವರಯ್ಯ ನಾಲೆಗೆ ತಿಂಗಳುಗಟ್ಟಲೆ ನೀರು ನಿಲ್ಲಿಸಿ ಆಮೇಲೆ ಬಿಟ್ಟಾಗ ಏನಾಗುತ್ತದೆ ಅಂತ ಮಂಡ್ಯದವರಿಗೆ ಹೇಳಬೇಕಾಗಿಲ್ಲ. ನಾಲೆಯಲ್ಲಿ ಬಿದ್ದಿದ್ದ ಕಸ, ಜೊಂಡು ಎಲ್ಲ ತೇಲಿ ಬಂದು ತೂಬಿನ ಬಾಯಿಗೆ ಅಡ್ಡ ಕೂರುತ್ತದೆ. ಹಿಂದೆ ನೀರು ತುಂಬಿದ್ದರೂ ಮುಂದಿನ ಗದ್ದೆಗೆ ಬರುವುದಿಲ್ಲ. ಎಂಜಿನ್‌ನಲ್ಲಿ ಆ ತೂಬು ಅಂದರೆ ಸ್ಟ್ರೈನರ್. ಚೇಂಬರ್ ತಳದಲ್ಲಿ, ಆಯಿಲ್ ಪಂಪ್ ಹೀರುವ ಕೊಳವೆಯ ಬಾಯಲ್ಲಿ ಇರುವ ಸಣ್ಣ ಜಾಲರಿ. ಫಿಲ್ಟರ್ ಬರುವುದು ಇದರ ನಂತರ. ಹಾಗಾಗಿ ಫಿಲ್ಟರ್ ಎಷ್ಟೇ ಹೊಸದಾಗಿದ್ದರೂ ಸ್ಟ್ರೈನರ್ ಕಟ್ಟಿಕೊಂಡರೆ ಉಪಯೋಗ ಇಲ್ಲ. ಇನ್ನೊಂದು ವಿಷಯ: ಫಿಲ್ಟರ್ ತುಂಬಿ ಕಟ್ಟಿಕೊಂಡರೆ ಒಳಗಿನ ಬೈಪಾಸ್ ವಾಲ್ವ್ ತೆರೆದು ಸೋಸದ ಆಯಿಲ್ಲನ್ನೇ ಮುಂದಕ್ಕೆ ಬಿಡುತ್ತದೆ. ಎಂಜಿನ್ ಒಣಗುವುದಕ್ಕಿಂತ ಕೊಳೆ ಆಯಿಲ್ ಆದರೂ ಸಿಗಲಿ ಅಂತ ಮಾಡಿದ ವ್ಯವಸ್ಥೆ ಅದು. ಫ್ಲಶ್ ಮಾಡುವ ಹೊತ್ತಲ್ಲಿ ಹೀಗಾದರೆ ಆ ಚಕ್ಕೆಗಳು ನೇರ ಬೇರಿಂಗ್‌ಗೆ ಹೋಗುತ್ತವೆ.

ಕೆಲವು ವರ್ಷದ ಹಿಂದೆ ಹೀಗೇ ಒಂದು ಕಾರು ನನ್ನ ಹತ್ತಿರ ಟೋ ಮಾಡಿಸಿಕೊಂಡು ಬಂತು. ಸೆಕೆಂಡ್ ಹ್ಯಾಂಡ್ ಕಾರು, ಹಿಂದಿನ ದಿನ ಬೇರೆ ಎಲ್ಲೋ ಫ್ಲಶ್ ಮಾಡಿಸಿದ್ದರು. ಊರಲ್ಲಿ ಓಡಿಸಿದಾಗ ಎಂಜಿನ್ ಬೆಣ್ಣೆಯಂತಿತ್ತಂತೆ. ಮಾರನೇ ದಿನ ಮನೆಯವರನ್ನೆಲ್ಲ ಕೂರಿಸಿಕೊಂಡು ಬೆಂಗಳೂರಿಗೆ ಹೊರಟಿದ್ದಾರೆ. ಮದ್ದೂರು ದಾಟುವಷ್ಟರಲ್ಲಿ ಆಯಿಲ್ ದೀಪ ಮಿನುಗಿದೆ. ಮುಂದೆ ಎಲ್ಲಾದರೂ ನಿಲ್ಲಿಸೋಣ ಅಂತ ಐದಾರು ಕಿ.ಮೀ. ಓಡಿಸಿದ್ದಾರೆ. ಎಂಜಿನ್ ಜಾಮ್. ಚೇಂಬರ್ ಬಿಚ್ಚಿದರೆ ಸ್ಟ್ರೈನರ್ ಜಾಲರಿಯೇ ಕಾಣುತ್ತಿರಲಿಲ್ಲ, ಕರಿ ಹಪ್ಪಳದ ಚೂರುಗಳನ್ನು ಒತ್ತಿಟ್ಟ ಹಾಗಿತ್ತು. ನಿಧಾನವಾಗಿ ಓಡುವಾಗ ಆ ಸಣ್ಣ ಸಂದಿನಲ್ಲೇ ಸಾಕಷ್ಟು ಆಯಿಲ್ ಬರುತ್ತಿತ್ತು. ನೂರರ ವೇಗದಲ್ಲಿ ಪಂಪ್ ಜಾಸ್ತಿ ಹೀರಬೇಕು, ಹೀರಲು ದಾರಿಯೇ ಇಲ್ಲ. ಆ ಮನೆಯವರು ಕಾರಿಗೆ ಕೊಟ್ಟ ದುಡ್ಡಿನ ದೊಡ್ಡ ಪಾಲನ್ನು ಮತ್ತೆ ಎಂಜಿನ್ ಕೆಲಸಕ್ಕೆ ಹಾಕಬೇಕಾಯಿತು. ಫ್ಲಶ್ ಮಾಡಿಸಿದ್ದರಲ್ಲಿ ಅವರ ತಪ್ಪು ಏನೂ ಇರಲಿಲ್ಲ, ಕಾರಿಗೆ ಒಳ್ಳೆಯದಾಗಲಿ ಅಂತಲೇ ಮಾಡಿಸಿದ್ದು. ಅದು ನನ್ನನ್ನು ಈಗಲೂ ಕಾಡುತ್ತದೆ.

ಆಯಿಲ್ ದೀಪದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ, ಎಲ್ಲ ಓದುಗರಿಗೂ ಬೇಕಾದ್ದು. ಆ ಕೆಂಪು ದೀಪ ಆಯಿಲ್ ಎಷ್ಟಿದೆ ಅಂತ ತೋರಿಸುವುದಲ್ಲ, ಆಯಿಲ್ ಒತ್ತಡ ತೀರಾ ಬಿದ್ದುಹೋದ ಮೇಲೆ ಹತ್ತುವುದು. ಹತ್ತಿದರೆ ಪಕ್ಕಕ್ಕೆ ಹಾಕಿ ಆಗಲೇ ಎಂಜಿನ್ ಆಫ್ ಮಾಡಿ. ಮುಂದಿನ ಬಂಕ್‌ವರೆಗೆ ಅಂತ ಹೋಗಬೇಡಿ.

ಡೀಸೆಲ್ ಅಥವಾ ಸೀಮೆಎಣ್ಣೆ ಸುರಿದು ಎಂಜಿನ್ ತೊಳೆಯುವ ಹಳೇ ಪದ್ಧತಿ ಇನ್ನೂ ಕೆಲವು ಕಡೆ ಇದೆ. ನಾನು ಕೆಲಸ ಕಲಿಯುವಾಗ ನಮ್ಮ ಮೇಸ್ತ್ರಿ ಅಂಬಾಸಿಡರ್‌ಗಳಿಗೆ ಹೀಗೇ ಮಾಡುತ್ತಿದ್ದರು, ನನ್ನ ಕೈಯಲ್ಲೂ ಮಾಡಿಸುತ್ತಿದ್ದರು. ಆ ಎಂಜಿನ್‌ಗಳು ತಡೆದುಕೊಂಡವು ಅನ್ನುವುದು ನಿಜ. ಆಗಿನ ಆಯಿಲ್‌ಗಳಲ್ಲಿ ಡಿಟರ್ಜೆಂಟ್ ಕಡಿಮೆ, ಕೊಳೆ ಬೇಗ ಕೂರುತ್ತಿತ್ತು, ತೊಳೆಯಲೇಬೇಕಿತ್ತು. ಆಯಿಲ್ ಹರಿಯುವ ದಾರಿಗಳೂ ಅಗಲವಾಗಿದ್ದವು. ನಿಮ್ಮ ಸ್ವಿಫ್ಟ್‌ನ 1.2 ಲೀಟರ್ ಕೆ-ಸೀರೀಸ್ ಎಂಜಿನ್ ಹಾಗಲ್ಲ. ಅದರಲ್ಲಿ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಚೈನ್ ಇದೆ, ಆ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದೇ ಆಯಿಲ್ ಒತ್ತಡದಿಂದ. ದಾರಿಗಳು ಸಣ್ಣವು. ಡೀಸೆಲ್‌ಗೆ ಬೇರಿಂಗ್‌ನ ಮಧ್ಯೆ ಪದರವಾಗಿ ನಿಲ್ಲುವ ಶಕ್ತಿ ಇಲ್ಲ. ಯಾರಾದರೂ ಕಡಿಮೆ ಖರ್ಚಿನಲ್ಲಿ ಡೀಸೆಲ್ ಹಾಕಿ ತೊಳೆದುಕೊಡುತ್ತೇವೆ ಅಂದರೆ ದಯವಿಟ್ಟು ಬೇಡ ಅನ್ನಿ.

ನಿಮ್ಮ ಭಾವನವರ ‘ಕೊಳೆಯೇ ಹಿಡಿದಿಟ್ಟಿದೆ’ ಮಾತು ಪೂರ್ತಿ ಸುಳ್ಳಲ್ಲ. ಹದಿಮೂರು ವರ್ಷದ ರಬ್ಬರ್ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟಿರಬಹುದು, ಆ ಬಿರುಕಿಗೆ ಜಿಡ್ಡು ಮೆತ್ತಿಕೊಂಡಿರಬಹುದು. ಫ್ಲಶ್ ಆ ಜಿಡ್ಡನ್ನು ತೆಗೆದರೆ ಆಯಿಲ್ ಜಿನುಗುತ್ತದೆ. ಆದರೆ ಸೀಲ್ ಕೆಡಿಸಿದ್ದು ಫ್ಲಶ್ ಅಲ್ಲ, ಮೊದಲೇ ಕೆಟ್ಟಿದ್ದು ಆಗ ಗೊತ್ತಾಗುತ್ತದೆ ಅಷ್ಟೇ. ಕೊಳೆಯನ್ನು ನಂಬಿಕೊಂಡು ಎಂಜಿನ್ ಓಡಿಸುವುದೂ ಸರಿಯಲ್ಲ.

ಮೈಲೇಜ್ ವಿಷಯಕ್ಕೆ ಬಂದರೆ, ಅದು ಸುಮ್ನೆ ಮಾರಾಟದ ಮಾತು. ಫ್ಲಶ್ ಹೋಗುವುದು ಆಯಿಲ್ ಹೋಗುವ ಜಾಗಕ್ಕೆ ಮಾತ್ರ. ಇಂಜೆಕ್ಟರ್, ಥ್ರಾಟಲ್ ಬಾಡಿ, ಸ್ಪಾರ್ಕ್ ಪ್ಲಗ್ ಕಡೆಗೆ ಅದು ಹೋಗುವುದೇ ಇಲ್ಲ. ಮೈಲೇಜ್ ಕಮ್ಮಿ ಅನ್ನಿಸಿದರೆ ಟೈರ್ ಗಾಳಿ, ಏರ್ ಫಿಲ್ಟರ್, ಪ್ಲಗ್ ನೋಡಿಸಿ. ಅದಕ್ಕೂ ಮುಂಚೆ ನೆನಪಿಡಿ, ಮೂರು ಕಿ.ಮೀ. ಓಡಾಟದಲ್ಲಿ ಯಾವ ಕಾರೂ ಒಳ್ಳೆ ಮೈಲೇಜ್ ಕೊಡುವುದಿಲ್ಲ.

ಸರಿ, ಏನು ಮಾಡಬೇಕು?

ಮೊದಲು ಟ್ಯಾಪೆಟ್ ಕವರ್ ಬಿಚ್ಚಿಸಿ. ನಿಮ್ಮ ಕಾರಿನಲ್ಲಿ ಇದು ದೊಡ್ಡ ಕೆಲಸ ಅಲ್ಲ, ಕೂಲಿ ಮತ್ತೆ ಒಂದು ಹೊಸ ಗ್ಯಾಸ್ಕೆಟ್‌ನ ಖರ್ಚು. ಬಿಚ್ಚುವಾಗ ನೀವು ಅಥವಾ ಮನೆಯವರು ಪಕ್ಕದಲ್ಲೇ ನಿಂತು ನೋಡಿ. ಕ್ಯಾಮ್ ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ಉದ್ದನೆಯ ದಂಡ) ಸುತ್ತ ಲೋಹ ಜೇನಿನ ಬಣ್ಣಕ್ಕೆ ತಿರುಗಿದ್ದರೆ, ಬೆರಳಿಗೆ ಏನೂ ಅಂಟದಿದ್ದರೆ, ಅದು ಆ ವಯಸ್ಸಿಗೆ ಸಹಜ. ಏನೂ ಮಾಡಬೇಡಿ. ಬೆರಳಿಗೆ ತೆಳ್ಳಗೆ ಕಪ್ಪು ಜಿಡ್ಡು ಹತ್ತಿದರೆ, ಅದನ್ನು ಒಳ್ಳೆ ಆಯಿಲ್ಲೇ ನಿಧಾನವಾಗಿ ತೆಗೆಯುತ್ತದೆ. ಮೂಲೆಗಳಲ್ಲಿ ಕರಿ ಕಿಟ್ಟ ಗುಡ್ಡೆಯಾಗಿದ್ದರೆ, ಚಮಚದಲ್ಲಿ ಕೆರೆಯುವ ಹಾಗಿದ್ದರೆ, ಆಗ ಕೈಯಿಂದಲೇ ಕ್ಲೀನ್ ಮಾಡಬೇಕು. ಮೇಲಿನದನ್ನು ಕೆರೆದು ಒರೆಸಿ, ಕೆಳಗೆ ಚೇಂಬರ್ ಇಳಿಸಿ, ಸ್ಟ್ರೈನರ್ ತೊಳೆದು ಹಾಕಬೇಕು. ಖರ್ಚು ಫ್ಲಶ್‌ಗಿಂತ ಹಲವು ಪಟ್ಟು ಹೆಚ್ಚು, ಕಾರು ಒಂದೆರಡು ದಿನ ಗ್ಯಾರೇಜ್‌ನಲ್ಲಿ ನಿಲ್ಲುತ್ತದೆ. ಆದರೆ ಗುಡ್ಡೆ ಕಟ್ಟಿರುವ ಎಂಜಿನ್‌ಗೆ ಬೇರೆ ಸುರಕ್ಷಿತ ದಾರಿ ಇಲ್ಲ. ಅಂಥ ಎಂಜಿನ್‌ಗೇ ಫ್ಲಶ್ ಬೇಕು ಅಂತ ಜನ ಅಂದುಕೊಳ್ಳುತ್ತಾರೆ, ಅಂಥದ್ದಕ್ಕೇ ಅದು ಹೆಚ್ಚು ಅಪಾಯ.

ನಿಮ್ಮದು ಎರಡನೇ ಥರದ್ದು, ತೆಳ್ಳಗಿನ ಜಿಡ್ಡಿನದು, ಇರಬಹುದು ಅಂತ ನನ್ನ ಊಹೆ. ಹಾಗಿದ್ದರೆ ಹೀಗೆ ಮಾಡಿ. ಕೈಪಿಡಿಯಲ್ಲಿ ಹೇಳಿದ ಗ್ರೇಡ್‌ನ ಒಳ್ಳೆಯ ಆಯಿಲ್ ತೆಗೆದುಕೊಳ್ಳಿ, ಡಬ್ಬಿಯ ಮೇಲೆ ಎಪಿಐ ಎಸ್‌ಪಿ ಅಂತ ಇರಲಿ. 2020ರಲ್ಲಿ ಬಂದ ದರ್ಜೆ ಅದು, ಕಿಟ್ಟ ಕಟ್ಟದಂತೆ ತಡೆಯುವುದರಲ್ಲಿ ಹಿಂದಿನವಕ್ಕಿಂತ ಮೇಲು. ಆಯಿಲ್, ಫಿಲ್ಟರ್ ಎರಡನ್ನೂ ಈಗಲೇ ಬದಲಿಸಿ. 2,000 ಕಿ.ಮೀ. ಆದ ಮೇಲೆ ಮತ್ತೆ ಎರಡನ್ನೂ ಬದಲಿಸಿ. ಅದಾದ ಮೇಲೆ 3,000ಕ್ಕೆ ಇನ್ನೊಮ್ಮೆ. ಮೂರು ಸಲ ಆಯಿಲ್ಲಾ ಅಂತ ಅನ್ನಿಸಬಹುದು. ಸುಮಾರು ಮೂರು ಲೀಟರ್ ಹಿಡಿಯುವ ಎಂಜಿನ್ ಇದು, ಮೂರು ಸಲದ್ದೂ ಸೇರಿದರೂ ಒಂದು ಎಂಜಿನ್ ಕೆಲಸದ ಹತ್ತಿರಕ್ಕೂ ಬರುವುದಿಲ್ಲ. ಇದರಲ್ಲಿ ಕೊಳೆ ಚಕ್ಕೆಯಾಗಿ ಕೀಳುವುದಿಲ್ಲ, ಕರಗಿ ಕರಗಿ ಫಿಲ್ಟರ್ ಸೇರುತ್ತದೆ, ಫಿಲ್ಟರ್ ಜೊತೆ ಹೊರಗೆ ಹೋಗುತ್ತದೆ. ಇಳಿಸಿದ ಹಳೇ ಫಿಲ್ಟರನ್ನು ಕೊಯ್ದು ತೋರಿಸಲು ಮೆಕ್ಯಾನಿಕ್‌ಗೆ ಹೇಳಿ. ಕಾಗದದ ಮಡಿಕೆಯಲ್ಲಿ ಕರಿ ಜಿಡ್ಡು ಇದ್ದರೆ ಪರವಾಗಿಲ್ಲ, ಹೊಳೆಯುವ ಲೋಹದ ಪುಡಿ ಇದ್ದರೆ ಬೇರಿಂಗ್ ಸವೆಯುತ್ತಿದೆ ಅಂತ.

ಪಿಸಿವಿ ವಾಲ್ವ್ ನೋಡಿಸುವುದನ್ನು ಮರೆಯಬೇಡಿ. ಬಿಚ್ಚಿ ಅಲ್ಲಾಡಿಸಿದರೆ ಟಿಕ್ ಟಿಕ್ ಅನ್ನಬೇಕು. ಅನ್ನದಿದ್ದರೆ ಕಟ್ಟಿಕೊಂಡಿದೆ. ಕಡಿಮೆ ಬೆಲೆಯ ಭಾಗ, ಆದರೆ ಇದು ಕಟ್ಟಿಕೊಂಡಿದ್ದರೆ ನೀವು ಎಷ್ಟು ಸಲ ಆಯಿಲ್ ಬದಲಿಸಿದರೂ ಜಿಡ್ಡು ಮತ್ತೆ ಬರುತ್ತದೆ.

ವಾರಕ್ಕೊಮ್ಮೆಯಾದರೂ ಕಾರನ್ನು ದೂರ ಓಡಿಸಿ. ಪಾಂಡವಪುರಕ್ಕೆ ‘ಎಂದಾದರೊಂದು ಭಾನುವಾರ’ ಅಂದಿರಿ. ಅದು ಪ್ರತಿ ಭಾನುವಾರ ಆಗಲಿ, ಅಮ್ಮನಿಗೂ ಸಂತೋಷ. ಅರ್ಧ ಮುಕ್ಕಾಲು ಗಂಟೆ ಒಂದೇ ಸಮ ಓಡಿದರೆ ಆಯಿಲ್ ಪೂರ್ತಿ ಕಾದು, ಸೇರಿಕೊಂಡ ನೀರು ಆರಿಹೋಗುತ್ತದೆ. ಇನ್ನು ಮುಂದೆ 10,000 ಕಿ.ಮೀ. ಅಥವಾ ಒಂದು ವರ್ಷದ ಲೆಕ್ಕವೂ ನಿಮಗೆ ಬೇಡ. ನಿಮ್ಮ ಥರ ಓಡಿಸುವವರಿಗೆ 5,000 ಅಥವಾ ಆರು ತಿಂಗಳು, ಯಾವುದು ಮೊದಲೋ ಅದು.

ಬೆಳಗಿನ ಟರ್ ಶಬ್ದಕ್ಕೆ ಕಾರಣ ಕೊಳೆಯೇ ಇರಬೇಕೆಂದಿಲ್ಲ. ಒಳ್ಳೆಯ ಫಿಲ್ಟರ್‌ನಲ್ಲಿ ರಬ್ಬರ್‌ನ ಒಂದು ವಾಲ್ವ್ ಇರುತ್ತದೆ, ರಾತ್ರಿ ನಿಂತಾಗ ಆಯಿಲ್ ಹಿಂದಕ್ಕೆ ಇಳಿದುಹೋಗದ ಹಾಗೆ ತಡೆಯುತ್ತದೆ. ಡೂಪ್ಲಿಕೇಟ್ ಫಿಲ್ಟರ್‌ಗಳಲ್ಲಿ ಅದು ಸರಿಯಾಗಿ ಇರುವುದಿಲ್ಲ. ಬೆಳಿಗ್ಗೆ ಟೆನ್ಷನರ್‌ಗೆ ಆಯಿಲ್ ತಲುಪುವವರೆಗೆ ಚೈನ್ ಸಡಿಲವಾಗಿ ಟರ್ ಅನ್ನುತ್ತದೆ. ಒರಿಜಿನಲ್ ಫಿಲ್ಟರ್ ಹಾಕಿಸಿ ಒಂದು ವಾರ ಕೇಳಿ. ಆಮೇಲೂ ಬಂದರೆ ಚೈನ್, ಟೆನ್ಷನರ್ ತಪಾಸಣೆ ಮಾಡಿಸಿ. ಚೈನ್ ಎಳೆದುಕೊಂಡಿದ್ದರೆ ಯಾವ ಬಾಟಲಿಯೂ ಅದನ್ನು ಚಿಕ್ಕದು ಮಾಡುವುದಿಲ್ಲ.

ಹಾಗಾದರೆ ಫ್ಲಶ್ ಯಾರಿಗೂ ಬೇಡವಾ? ಬೇಡ ಅಂತ ನಾನು ಹೇಳುವುದಿಲ್ಲ. ವರ್ಷಕ್ಕೆ ಎರಡೋ ಮೂರೋ ಕಾರಿಗೆ ನಾನೇ ಹಾಕುತ್ತೇನೆ. ಒಳಗೆ ನೋಡಿದ್ದೇನೆ, ತೆಳು ಪದರ ಮಾತ್ರ ಇದೆ, ಆಯಿಲ್ ಒತ್ತಡ ಗೇಜ್ ಹಾಕಿ ಅಳೆದಿದ್ದೇನೆ, ಆದರೂ ರಿಂಗ್‌ಗಳು ಜಿಡ್ಡಿಗೆ ಅಂಟಿಕೊಂಡು ಆಯಿಲ್ ಕುಡಿಯುತ್ತಿದೆ ಅನ್ನುವ ಅನುಮಾನ ಇದ್ದರೆ ಒಂದು ಪ್ರಯತ್ನ ಮಾಡುತ್ತೇನೆ. ಕೆಲವಕ್ಕೆ ಆಯಿಲ್ ಕುಡಿಯುವುದು ಕಮ್ಮಿಯಾಗಿದೆ, ಕೆಲವಕ್ಕೆ ಏನೂ ಬದಲಾಗಿಲ್ಲ. ಆಯಿಲ್ ದೀಪ ಮಿನುಗುತ್ತಿದ್ದರೆ, ಕೆಳಗಿನಿಂದ ದಪ್ಪ ಬಡಿತದ ಶಬ್ದ ಇದ್ದರೆ ಹಾಕುವುದೇ ಇಲ್ಲ. ಟರ್ಬೊ ಇರುವ ಡೀಸೆಲ್ ಕಾರಿನ ಹಿಂದಿನ ಚರಿತ್ರೆ ಗೊತ್ತಿಲ್ಲದಿದ್ದರೂ ಹಾಕುವುದಿಲ್ಲ, ಟರ್ಬೊಗೆ ಆಯಿಲ್ ಹೋಗುವ ಕೊಳವೆ ಬಹಳ ಸಣ್ಣದು. ಫೋರ್ಡ್ ಎಕೋಸ್ಪೋರ್ಟ್‌ನ 1.0 ಲೀಟರ್ ಎಕೋಬೂಸ್ಟ್ ಪೆಟ್ರೋಲ್ ಎಂಜಿನ್‌ನಂತೆ ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ಓಡುವ ಕಾರುಗಳಿಗಂತೂ ಬೇಡವೇ ಬೇಡ, ದ್ರಾವಕ ಆ ಬೆಲ್ಟ್‌ನ ರಬ್ಬರನ್ನು ಕೆಡಿಸಬಹುದು.

ಕವರ್ ಬಿಚ್ಚಿ ನೋಡಿದ ಮೇಲೂ ಹಾಕಿಸಲೇಬೇಕು ಅಂತ ನಿಮ್ಮ ಮೆಕ್ಯಾನಿಕ್ ಕಾರಣ ಕೊಟ್ಟು ಹೇಳಿದರೆ, ಪಕ್ಕದಲ್ಲಿ ನಿಂತು ಇಷ್ಟು ನೋಡಿಕೊಳ್ಳಿ. ಕಡ್ಡಿಯಲ್ಲಿ ಆಯಿಲ್ ಮೇಲಿನ ಗುರುತಿಗೆ ಮುಟ್ಟಿದ್ದರೆ ಮೊದಲು ಸ್ವಲ್ಪ ಇಳಿಸಬೇಕು, ಯಾಕೆಂದರೆ ಮೂರು ಲೀಟರ್‌ಗೆ 300 ಎಂ.ಎಲ್. ಅಂದರೆ ಹತ್ತರಲ್ಲಿ ಒಂದು ಪಾಲು. ಎಂಜಿನ್ ಬಿಸಿ ಇರಬೇಕು. ಬಾಟಲಿಯ ಮೇಲೆ ಬರೆದಷ್ಟೇ ಹೊತ್ತು, ಗಡಿಯಾರ ನೋಡಿಕೊಂಡು. ರೇಸ್ ಮಾಡಬಾರದು, ಕಾರು ಒಂದು ಅಡಿಯೂ ಓಡಬಾರದು, ಯಾಕೆಂದರೆ ಆ ಹೊತ್ತಲ್ಲಿ ಆಯಿಲ್ ತೆಳುವಾಗಿರುತ್ತದೆ. ಬಿಸಿ ಇದ್ದಾಗಲೇ ಡ್ರೈನ್ ಬೋಲ್ಟ್ ಬಿಚ್ಚಿ, ಹನಿ ನಿಲ್ಲುವವರೆಗೆ ಬಿಡಬೇಕು. ಆಗಲೂ ಒಳಗಿನ ಸಂದಿಗಳಲ್ಲಿ ಒಂದಷ್ಟು ಉಳಿದು ಹೊಸ ಆಯಿಲ್‌ಗೆ ಸೇರುತ್ತದೆ, ಆದ್ದರಿಂದ ಆ ಹೊಸ ಆಯಿಲ್ಲನ್ನು 1,000 ಕಿ.ಮೀ.ಗೇ ಬದಲಿಸಿ. ಹೊಸ ಫಿಲ್ಟರ್ ಫ್ಲಶ್ ಆದ ಮೇಲೆ ಹಾಕಬೇಕು, ಮುಂಚೆ ಅಲ್ಲ. ಇದನ್ನು ಉಲ್ಟಾ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮುಂದಿನ ಒಂದು ವಾರ ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿಡಿ, ಜಿನುಗಿದರೆ ಗೊತ್ತಾಗುತ್ತದೆ.

ನಿಮ್ಮ ಕಾರು 2012ರದ್ದು. ಹದಿನೈದು ವರ್ಷದ ನೋಂದಣಿ 2027ಕ್ಕೆ ಮುಗಿಯುತ್ತದೆ, ಆಮೇಲೆ ಫಿಟ್‌ನೆಸ್ ತೋರಿಸಿ ಐದು ವರ್ಷಕ್ಕೆ ನವೀಕರಿಸಬೇಕು. ಹಾಗಾಗಿ ಈಗಲೇ ಒಳಗೆ ನೋಡಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಎಂಜಿನ್ ಚೆನ್ನಾಗಿದ್ದರೆ ಇಟ್ಟುಕೊಳ್ಳುವ ಯೋಚನೆ ಮಾಡಬಹುದು, ಇಲ್ಲದಿದ್ದರೆ ಖರ್ಚು ಹಾಕುವ ಮುಂಚೆಯೇ ನಿರ್ಧರಿಸಬಹುದು. ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಕಾರಿನ ನಂಬರ್ ಕೊಟ್ಟು ಹಳೇ ಸರ್ವಿಸ್ ದಾಖಲೆ ಕೇಳಿ ನೋಡಿ. ಅಲ್ಲಿ ಮಾಡಿಸಿದ್ದರೆ ಎಷ್ಟು ಕಿ.ಮೀ.ಗೆ ಆಯಿಲ್ ಬದಲಾಗಿದೆ ಅಂತ ಗೊತ್ತಾಗಬಹುದು. ಮೀಟರ್‌ನ 88,000 ನಿಜವೋ ಅಲ್ಲವೋ ಅನ್ನುವುದೂ.

ನೀವು ತಂದ ಬಾಟಲಿಯ ಸೀಲ್ ಒಡೆದಿಲ್ಲ ತಾನೇ? ಬಿಲ್ ಇದ್ದರೆ ಅಂಗಡಿಗೆ ವಾಪಸ್ ಕೊಟ್ಟು, ಆ ದುಡ್ಡಿಗೆ ಒಂದು ಒರಿಜಿನಲ್ ಫಿಲ್ಟರ್ ತಂದುಕೊಳ್ಳಿ. ಕವರ್ ಬಿಚ್ಚಿದ ದಿನ ಕ್ಯಾಮ್ ಶಾಫ್ಟ್ ಸುತ್ತಲಿನ ಜಾಗದ ಫೋಟೊ ಎರಡು ಮೂರು ತೆಗೆದು ನನಗೆ ಕಳಿಸಿ. ನೋಡಿ ಯಾವ ಥರದ್ದು ಅಂತ ಹೇಳುತ್ತೇನೆ.